ತಿಳಿಯಾದ ನೀರೆಲ್ಲ ಶುದ್ಧವಲ್ಲ: ಬಚ್ಚಲು ನೀರಿನ ಒಂದು ಪಾಠ

ತರಗತಿ: 7
ವಿಷಯ: ವಿಜ್ಞಾನ
ಘಟಕ: ತ್ಯಾಜ್ಯ ನೀರು
ಅವಧಿ: 40 ನಿಮಿಷ

ಹಿನ್ನೆಲೆ

ಬೋಧನಾ ಅಭ್ಯಾಸಕ್ಕೆ ನಮ್ಮ ತಂಡವನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಶಾಲೆಗಳಿಗೆ ಹಂಚಲಾಗಿತ್ತು. ನನಗೆ ಸಿಕ್ಕಿದ್ದು ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಪಠ್ಯ ವಿವರಿಸುವುದು ನಗರದ ಶುದ್ಧೀಕರಣ ಘಟಕವನ್ನು. ಮಕ್ಕಳು ದಿನವೂ ದಾಟಿ ಬರುವುದು ಓಣಿಯ ಚರಂಡಿಯನ್ನು. ಆದ್ದರಿಂದ ಪಾಠವನ್ನು ಬಚ್ಚಲಿನಿಂದಲೇ ಆರಂಭಿಸಿದೆ.

ಕಲಿಕಾ ಫಲಗಳು

ವಿದ್ಯಾರ್ಥಿಯು
- ಮನೆಯ ತ್ಯಾಜ್ಯ ನೀರಿನ ಪ್ರಮಾಣವನ್ನು ಅಂದಾಜಿಸುವನು.
- ಬಚ್ಚಲು ನೀರಿಗೂ ಶೌಚಾಲಯದ ನೀರಿಗೂ ಇರುವ ವ್ಯತ್ಯಾಸವನ್ನು ತಿಳಿಸುವನು.
- ಸೋಸುವುದಕ್ಕೂ ಶುದ್ಧೀಕರಿಸುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವನು.

ಮೂರನೆಯದು ನನ್ನ ಮೊದಲ ಯೋಜನೆಯಲ್ಲಿ ಇರಲಿಲ್ಲ.

ಪಾಠದ ಹಂತಗಳು

1. ಪೀಠಿಕೆ: "ಬೆಳಿಗ್ಗೆ ಸ್ನಾನ ಮಾಡಿದ ನೀರು ಈಗ ಎಲ್ಲಿದೆ?" ಎಂದು ಕೇಳಿದೆ. "ಚರಂಡೀಲಿ", "ತೆಂಗಿನ ಬುಡದಾಗೆ", "ನಮ್ಮನೆ ಮುಂದೇ ನಿಂತೈತೆ ಮಿಸ್" ಎಂಬ ಉತ್ತರಗಳು ಬಂದವು.

2. ಲೆಕ್ಕ: 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಐವರಿರುವ ಮನೆಗೆ 275 ಲೀಟರ್. ಅದರಲ್ಲಿ ಸುಮಾರು ಮೂರನೇ ಎರಡು ಭಾಗ, ಅಂದರೆ 180 ಲೀಟರಿನಷ್ಟು, ಬಚ್ಚಲು ಮತ್ತು ಅಡುಗೆಮನೆಯಿಂದ ಹೊರಬೀಳುತ್ತದೆ. ನೂರು ಮನೆಗಳ ಊರಾದರೆ ದಿನಕ್ಕೆ 18,000 ಲೀಟರ್! ಕರಿಹಲಗೆಯ ಮೇಲೆ ಈ ಸಂಖ್ಯೆ ಬಂದಾಗ ತರಗತಿ ನಿಶ್ಶಬ್ದವಾಯಿತು.

3. ಪ್ರಯೋಗ: ತಳ ಕತ್ತರಿಸಿದ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಜಲ್ಲಿ, ಅದರ ಮೇಲೆ ತೊಳೆದ ಮರಳು ತುಂಬಿದೆವು. ಮಣ್ಣು, ಸೋಪು ಬೆರೆಸಿದ ನೀರು ಸುರಿದೆವು. ಕೆಳಗಿನ ಲೋಟಕ್ಕೆ ತಿಳಿನೀರು ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು "ನೋಡಿ, ನೀರು ಶುದ್ಧವಾಯಿತು" ಎಂದೆ.

ಮುಂದಿನ ಸಾಲಿನ ಹುಡುಗಿ ಲೋಟ ಎತ್ತಿಕೊಂಡಳು. "ಹಂಗಾರೆ ಕುಡೀಬೋದಾ ಮಿಸ್?"

ನಾನು ಕರಿಹಲಗೆಯ ಕಡೆ ತಿರುಗಿದ್ದರೆ ಅವಳು ಕುಡಿದೇಬಿಡುತ್ತಿದ್ದಳು. ಲೋಟ ಇಸಿದುಕೊಂಡೆ. "ಬೇಡ" ಎಂದೆ. ಏಕೆ ಬೇಡವೆಂದು ತೋರಿಸಬೇಕಿತ್ತು. ಆ ನೀರನ್ನು ಖಾಲಿ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಜೋರಾಗಿ ಕುಲುಕಿದೆ. ನೊರೆ ಎದ್ದಿತು.

4. ವಿವರಣೆ: ಮರಳು ತಡೆದದ್ದು ಮಣ್ಣನ್ನು, ಕರಗಿದ ಸೋಪು ಪಾರಾಗಿ ಬಂದಿತ್ತು. ಕಣ್ಣಿಗೆ ಕಾಣದ ರೋಗಾಣುಗಳೂ ಹೀಗೆಯೇ ಬರಬಲ್ಲವು. ನಗರದ ಘಟಕದಲ್ಲಿ ಗಾಳಿ ಊದುವ ತೊಟ್ಟಿ ಏಕಿದೆ ಎಂಬುದು ಆಗ ಮಕ್ಕಳಿಗೆ ಹೊಳೆಯಿತು. ಗಾಳಿ ಸಿಕ್ಕಾಗ ಬ್ಯಾಕ್ಟೀರಿಯಾಗಳು ಕರಗಿದ ಕೊಳೆಯನ್ನು ತಿಂದು ಬೆಳೆಯುತ್ತವೆ. ಹಳ್ಳಿಯ ಬಚ್ಚಲುಗುಂಡಿಯಲ್ಲಿ ಇದೇ ಕೆಲಸವನ್ನು ಬಹುಮಟ್ಟಿಗೆ ಸುತ್ತಲಿನ ಮಣ್ಣಿನ ಸೂಕ್ಷ್ಮಜೀವಿಗಳು ಮಾಡುತ್ತವೆ.

5. ವಿಸ್ತರಣೆ: ಉದ್ಯೋಗ ಖಾತರಿಯಲ್ಲಿ ಕಟ್ಟುವ ಬಚ್ಚಲುಗುಂಡಿ ಬಚ್ಚಲು, ಅಡುಗೆಮನೆಯ ನೀರಿಗೆ ಮಾತ್ರ. ಶೌಚಾಲಯದ ನೀರನ್ನು ಅದಕ್ಕೆ ಬಿಡಬಾರದು. ಅದಕ್ಕೆ ಜೋಡಿ ಗುಂಡಿ ಬೇಕು: ಒಂದು ತುಂಬಿದರೆ ಮುಚ್ಚಿ, ವರ್ಷಕ್ಕೂ ಹೆಚ್ಚು ಕಾಲ ಬಿಟ್ಟರೆ ಗೊಬ್ಬರವಾಗುತ್ತದೆ. ಎಲ್ಲ ಊರಿಗೂ ಒಂದೇ ಉಪಾಯ ಒಗ್ಗದು. ಬರ ಕಾಡುವ ಜಗಳೂರಿನಲ್ಲಿ ಬಚ್ಚಲು ನೀರು ಹಿತ್ತಲಿನ ಗಿಡಗಳಿಗೆ ಆಸರೆ. ಚನ್ನಗಿರಿ, ಹೊನ್ನಾಳಿಯ ಭದ್ರಾ ನಾಲೆಯ ಬಯಲಿನಲ್ಲಿ ನೆಲ ತೇವವಿದ್ದರೆ ಗುಂಡಿ ಇಂಗದೆ ತುಂಬಿಕೊಳ್ಳುತ್ತದೆ. ಅಲ್ಲಿ ಊರಿನ ನೀರು ಹೊಳೆ, ಕೆರೆ ಸೇರುವ ಮೊದಲು ಕೊಳದಲ್ಲಿ ನಿಂತು ತಿಳಿಯಾಗಬೇಕು.

ಮೌಲ್ಯಮಾಪನ

1. ಸೋಸಿದ ನೀರು ತಿಳಿಯಾಗಿದ್ದರೂ ಏಕೆ ಕುಡಿಯಬಾರದು?
2. ಬಚ್ಚಲುಗುಂಡಿಗೆ ಶೌಚಾಲಯದ ನೀರು ಏಕೆ ಸೇರಬಾರದು?
3. ಗೃಹಪಾಠ: ನಿಮ್ಮ ಓಣಿಯ ಚರಂಡಿಯ ಜೊತೆ ನಡೆದು, ನೀರು ಕೊನೆಗೆ ಎಲ್ಲಿ ಸೇರುತ್ತದೆಂದು ನಕ್ಷೆ ಬರೆಯಿರಿ.

ಅವಲೋಕನ

ತಪ್ಪು ನನ್ನದು. "ತಿಳಿಯಾಯಿತು" ಎನ್ನಬೇಕಾದಲ್ಲಿ "ಶುದ್ಧವಾಯಿತು" ಎಂದೆ. ಮಕ್ಕಳು ಶಿಕ್ಷಕರ ಮಾತನ್ನು ನಂಬುತ್ತಾರೆ, ನಂಬಿ ಲೋಟ ಎತ್ತುತ್ತಾರೆ. ಮುಂದಿನ ತರಗತಿಯಲ್ಲಿ ಲೋಟಕ್ಕೆ "ಕುಡಿಯಬಾರದು" ಎಂಬ ಚೀಟಿ ಅಂಟಿಸಿ, ನೊರೆ ಪರೀಕ್ಷೆಯನ್ನು ಪ್ರಯೋಗದ ಭಾಗವಾಗಿಯೇ ಸೇರಿಸಿದೆ. ಈ ಘಟಕವನ್ನು ಬೋಧಿಸಲಿರುವ ಸಹಪಾಠಿಗಳೂ ಇವೆರಡನ್ನು ಬಿಡದಿರಲಿ.