ಉತ್ತರ ಯುರೋಪಿನ ರಾಜ್ಯನೀತಿಯ ವ್ಯಾಸಂಗ: ನಮ್ಮ ವಿದ್ಯಾರ್ಥಿ ಒಯ್ಯಬೇಕಾದ ಪ್ರಶ್ನೆಗಳು

‘ದೇಶ ಸುತ್ತು, ಕೋಶ ಓದು’ ಎಂಬ ನಾಣ್ಣುಡಿ ನಮ್ಮಲ್ಲಿ ಎರಡು ಕ್ರಮಗಳಲ್ಲಿ ಬಳಕೆಯಲ್ಲುಂಟು. ಕೆಲವರು ದೇಶವನ್ನು ಮುಂದಿಡುವರು, ಕೆಲವರು ಕೋಶವನ್ನು. ವರ್ಷಗಟ್ಟಲೆ ಪರದೇಶದಲ್ಲಿ ನೆಲೆಸಿ ಓದುವವರಿಗೆ ಯಾವ ಕ್ರಮವಾದರೂ ಸಲ್ಲುತ್ತದೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಕೇಂಬ್ರಿಜ್ಜಿಗೆ ಹೋದ ಡಿ. ಸಿ. ಪಾವಟೆಯವರಿಗೂ ಆಕ್ಸ್‌ಫರ್ಡಿಗೆ ಹೋದ ವಿ. ಕೃ. ಗೋಕಾಕರಿಗೂ ಅಲ್ಲಿಯ ಜನಜೀವನವನ್ನು ಸಾವಕಾಶವಾಗಿ ಅರಿಯಲು ಆಸ್ಪದವಿತ್ತು. ಬೇಸಿಗೆಯ ಕೆಲವೇ ವಾರಗಳ ವ್ಯಾಸಂಗಕ್ಕೆಂದು ಹೋಗುವ ಇಂದಿನ ವಿದ್ಯಾರ್ಥಿಗಾಗಲಿ ವಿದ್ಯಾರ್ಥಿನಿಗಾಗಲಿ ಅಂತಹ ಆಸ್ಪದವಿಲ್ಲ. ಅವರಿಗೆ ಕೋಶವೇ ಮೊದಲಾಗಬೇಕು.

ಸ್ಕ್ಯಾಂಡಿನೇವಿಯದ ರಾಜ್ಯನೀತಿಯನ್ನು ಪರದೇಶದವರಿಗೆ ಬೋಧಿಸುವ ಪದ್ಧತಿ ಹೊಸದಲ್ಲ. ಡೆನ್ಮಾರ್ಕಿನ ಹೆಲ್ಸಿಂಗೋರ್ ಪಟ್ಟಣದಲ್ಲಿ ಪೀಟರ್ ಮಾನಿಕೆ ಎಂಬವರು ೧೯೨೧ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಜನತಾ ವಿದ್ಯಾಲಯವು ನಾನಾ ದೇಶಗಳ ತರುಣರನ್ನು ಒಂದೇ ಸೂರಿನಡಿ ಕೂಡಿಸಿ ಕಲಿಸಿತು. ನಾರ್ವೆಯ ಆಸ್ಲೋ ವಿಶ್ವವಿದ್ಯಾಲಯವು ೧೯೪೭ರಲ್ಲಿ ಅಂತರರಾಷ್ಟ್ರೀಯ ಬೇಸಿಗೆ ಶಾಲೆಯನ್ನು ಆರಂಭಿಸಿ, ದಶಕಗಳ ಕಾಲ ಆರು ವಾರಗಳ ಪಾಠಕ್ರಮದಲ್ಲಿ ಭಾಷೆ, ಸಾಹಿತ್ಯ, ಆಡಳಿತಗಳನ್ನು ಬೋಧಿಸಿಕೊಂಡು ಬಂದಿತು. ಇಂತಹ ವ್ಯಾಸಂಗಕ್ಕೆ ನಮ್ಮ ಶಾಲೆಯಲ್ಲಿ ಕಲಿತವರು ಹೋದಾಗ ಏನನ್ನು ನೋಡಬೇಕು, ಅದಕ್ಕೆ ಇಲ್ಲಿ ಯಾವ ಸಿದ್ಧತೆ ಬೇಕು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಪ್ರಶ್ನೆಯನ್ನು ಒಯ್ಯದವನು ಉತ್ತರವನ್ನು ತರಲಾರನು. ಆ ಪ್ರಶ್ನೆಗಳು ನಮ್ಮ ನೆಲದವೇ ಆಗಿರಬೇಕು.

ನೆಲೆಯ ಪರಿಚಯ

ಮೊದಲು ಹೆಸರುಗಳನ್ನು ತಿಳಿಯಬೇಕು. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಈ ಮೂರೇ ಕಟ್ಟುನಿಟ್ಟಿನ ಅರ್ಥದಲ್ಲಿ ಸ್ಕ್ಯಾಂಡಿನೇವಿಯಾ. ಇವುಗಳೊಡನೆ ಫಿನ್ಲೆಂಡ್ ಮತ್ತು ಐಸ್‌ಲೆಂಡ್ ಸೇರಿದರೆ ಉತ್ತರದ ಐದು ರಾಷ್ಟ್ರಗಳಾಗುತ್ತವೆ. ಮೊದಲ ಮೂರರಲ್ಲಿ ಸಿಂಹಾಸನವುಂಟು. ಆಳುವವರು ಮಾತ್ರ ಚುನಾಯಿತ ಪ್ರತಿನಿಧಿಗಳು. ಉಳಿದೆರಡು ಗಣರಾಜ್ಯಗಳು. ನಾರ್ವೆಯು ೧೯೦೫ರಲ್ಲಿ ಜನಮತ ಪಡೆದು, ಯುದ್ಧವಿಲ್ಲದೆ ಸ್ವೀಡನ್ನಿನಿಂದ ಬೇರೆಯಾಯಿತು. ಬೇರೆಯಾದ ಮೇಲೂ ನೆರೆಹೊರೆಯ ಬಾಂಧವ್ಯ ಕೆಡಲಿಲ್ಲ. ೧೯೫೨ರಲ್ಲಿ ಈ ದೇಶಗಳು ‘ಉತ್ತರದ ಪರಿಷತ್ತು’ ಎಂಬ ಕೂಟವನ್ನು ರಚಿಸಿಕೊಂಡವು.

ಯುರೋಪಿನ ಒಕ್ಕೂಟದ ವಿಷಯದಲ್ಲಿ ಈ ಐವರದು ಒಂದೇ ದಾರಿಯಲ್ಲ. ಡೆನ್ಮಾರ್ಕ್ ೧೯೭೩ರಲ್ಲಿ ಸೇರಿತು, ಸ್ವೀಡನ್ ಮತ್ತು ಫಿನ್ಲೆಂಡ್ ೧೯೯೫ರಲ್ಲಿ ಸೇರಿದವು. ನಾರ್ವೆಯ ಜನ ೧೯೭೨ರಲ್ಲಿ ಒಮ್ಮೆ, ೧೯೯೪ರಲ್ಲಿ ಮತ್ತೊಮ್ಮೆ ಬೇಡವೆಂದು ಮತವಿತ್ತರು. ಐಸ್‌ಲೆಂಡ್ ಸಹ ಹೊರಗುಳಿಯಿತು. ಬಹುಕಾಲ ಸೈನಿಕ ಕೂಟಗಳಿಂದ ದೂರವಿದ್ದ ಫಿನ್ಲೆಂಡ್ ೨೦೨೩ರಲ್ಲಿಯೂ ಸ್ವೀಡನ್ ೨೦೨೪ರಲ್ಲಿಯೂ ನ್ಯಾಟೋ ಕೂಟವನ್ನು ಸೇರಿದವು. ಇಷ್ಟನ್ನು ಹೊರಡುವ ಮೊದಲೇ ತಿಳಿದಿದ್ದರೆ ಅಲ್ಲಿಯ ತರಗತಿಯ ಮೊದಲ ವಾರ ವ್ಯರ್ಥವಾಗದು.

ಮೊದಲನೆಯ ಪ್ರಶ್ನೆ: ಲೋಕಾಯುಕ್ತದ ಮೂಲ

ಉತ್ತರ ಯುರೋಪಿನ ರಾಜ್ಯನೀತಿಯ ಒಂದಂಶ ನಮ್ಮ ರಾಜ್ಯದಲ್ಲಿಯೇ ಇದೆ. ಅದೇ ಲೋಕಾಯುಕ್ತ. ಲೋಕ, ಆಯುಕ್ತ ಎಂಬೆರಡು ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ಆದ ಈ ಮಾತಿಗೆ ಜನರಿಗಾಗಿ ನಿಯುಕ್ತನಾದವನು ಎಂದು ಅರ್ಥ ಹೇಳಬಹುದು. ಇದರ ಹಿಂದಿರುವ ಸ್ವೀಡನ್ನಿನ ಮಾತು ‘ಓಂಬುಡ್ಸ್‌ಮನ್’. ಇತರರ ಪರವಾಗಿ ನಿಂತ ಪ್ರತಿನಿಧಿ ಎಂಬುದು ಅದರ ಅರ್ಥ.

ಈ ಪದವಿಯ ಇತಿಹಾಸ ಸ್ವಾರಸ್ಯವುಳ್ಳದ್ದು. ಸ್ವೀಡನ್ನಿನ ಅರಸ ಹನ್ನೆರಡನೆಯ ಚಾರ್ಲ್ಸ್ ೧೭೦೯ರಲ್ಲಿ ಪೊಲ್ಟಾವಾ ಯುದ್ಧದಲ್ಲಿ ರಷ್ಯಕ್ಕೆ ಸೋತು ತುರ್ಕರ ರಾಜ್ಯದಲ್ಲಿ ಆಶ್ರಯ ಪಡೆದನು. ದೂರದಲ್ಲಿದ್ದ ತನಗೆ ಅಧಿಕಾರಿಗಳ ನಡತೆ ತಿಳಿಯದೆಂದು, ೧೭೧೩ರಲ್ಲಿ ಅವರ ಮೇಲ್ವಿಚಾರಣೆಗೆ ಒಬ್ಬ ಶ್ರೇಷ್ಠ ಓಂಬುಡ್ಸ್‌ಮನ್ನನನ್ನು ನೇಮಿಸುವ ಆಜ್ಞೆ ಹೊರಡಿಸಿದನು. ಅವನು ಅರಸನ ಕಣ್ಣು. ೧೮೦೯ರ ಸಂವಿಧಾನದಲ್ಲಿ ಈ ಕಣ್ಣು ಜನಪ್ರತಿನಿಧಿಗಳದಾಯಿತು: ಪಾರ್ಲಿಮೆಂಟು ತಾನೇ ಆರಿಸುವ ಪ್ರತ್ಯೇಕ ಓಂಬುಡ್ಸ್‌ಮನ್ ಪದವಿ ಹುಟ್ಟಿತು. ಡೆನ್ಮಾರ್ಕ್ ೧೯೫೫ರಲ್ಲಿ ಇದೇ ಪದವಿಯನ್ನು ಏರ್ಪಡಿಸಿದ ಮೇಲೆ ಅದರ ಕೀರ್ತಿ ಜಗತ್ತಿನಲ್ಲಿ ಹಬ್ಬಿತು. ನಮ್ಮಲ್ಲಿ ೧೯೬೩ರಲ್ಲಿ ಎಲ್. ಎಂ. ಸಿಂಘ್ವಿಯವರು ‘ಲೋಕಪಾಲ’ ಎಂಬ ಹೆಸರನ್ನು ಬಳಕೆಗೆ ತಂದರು. ೧೯೬೬ರಲ್ಲಿ ಆಡಳಿತ ಸುಧಾರಣಾ ಆಯೋಗವು ಲೋಕಪಾಲ, ಲೋಕಾಯುಕ್ತಗಳ ಸ್ಥಾಪನೆಯನ್ನು ಶಿಫಾರಸು ಮಾಡಿತು. ಕರ್ನಾಟಕದ ಲೋಕಾಯುಕ್ತ ಕಾಯಿದೆ ೧೯೮೪ರದು. ೧೯೮೬ರಲ್ಲಿ ಅದು ಜಾರಿಗೆ ಬಂದಿತು.

ಇಲ್ಲಿ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು. ಅಲ್ಲಿಯ ಓಂಬುಡ್ಸ್‌ಮನ್ನನಿಗೆ ಪೋಲೀಸ್ ಪಡೆಯಿಲ್ಲ. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಿಸುವ ಅಧಿಕಾರವಿದ್ದರೂ ಅದನ್ನು ಬಳಸುವುದು ಅಪರೂಪ. ಅವನ ಸಾಮಾನ್ಯ ಆಯುಧವೆಂದರೆ ತಪ್ಪನ್ನು ಬರೆದು ಪ್ರಕಟಿಸುವುದು. ಹಾಗಿದ್ದೂ ಅವನ ಮಾತಿಗೆ ತೂಕವುಂಟು. ನಮ್ಮ ಲೋಕಾಯುಕ್ತಕ್ಕೆ ಪೋಲೀಸ್ ವಿಭಾಗವಿದ್ದೂ ಅದರ ಬಲ ಏರಿಳಿಯುತ್ತ ಬಂದಿದೆ: ೨೦೧೬ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾದಾಗ ಅದರ ತನಿಖಾಧಿಕಾರ ಕೈಬಿಟ್ಟಿತು, ೨೦೨೨ರಲ್ಲಿ ಹೈಕೋರ್ಟು ಆ ದಳವನ್ನು ರದ್ದುಗೊಳಿಸಿದಾಗ ಮರಳಿ ಬಂದಿತು. ಈ ವ್ಯತ್ಯಾಸಕ್ಕೆ ಕಾರಣವೇನು?

ಒಂದು ಕಾರಣ ಕಾಲಾನುಕ್ರಮದಲ್ಲಿದೆ. ಸ್ವೀಡನ್ ೧೭೬೬ರಲ್ಲಿಯೇ ಪತ್ರಿಕಾ ಸ್ವಾತಂತ್ರ್ಯದ ಶಾಸನವನ್ನು ಮಾಡಿ ಸರಕಾರದ ಕಾಗದಪತ್ರಗಳನ್ನು ನೋಡುವ ಹಕ್ಕನ್ನು ಪ್ರಜೆಗೆ ಕೊಟ್ಟಿತು. ಅದಕ್ಕಾಗಿ ಹೆಣಗಿದವರಲ್ಲಿ ಆಂಡರ್ಸ್ ಚಿಡೇನಿಯಸ್ ಎಂಬ ಫಿನ್ಲೆಂಡಿನ ಹಳ್ಳಿಯ ಪಾದ್ರಿ ಮುಖ್ಯನು. ನಡುವೆ ಅರಸರ ದೆಸೆಯಿಂದ ಈ ಹಕ್ಕಿಗೆ ಧಕ್ಕೆ ಬಂದರೂ ತತ್ತ್ವ ಅಳಿಯಲಿಲ್ಲ. ಕಡತ ತೆರೆದ ೪೩ ವರ್ಷಗಳ ತರುವಾಯ ಓಂಬುಡ್ಸ್‌ಮನ್ ಬಂದನು. ನಮ್ಮಲ್ಲಿ ಲೋಕಾಯುಕ್ತ ಮೊದಲು ಬಂದಿತು. ಮಾಹಿತಿಯ ಹಕ್ಕು ರಾಜ್ಯದ ಕಾಯಿದೆಯಿಂದ ೨೦೦೦ದಲ್ಲಿಯೂ ಕೇಂದ್ರದ ಕಾಯಿದೆಯಿಂದ ೨೦೦೫ರಲ್ಲಿಯೂ ಬಂದಿತು. ಕಾವಲುಗಾರನನ್ನು ನಿಲ್ಲಿಸಿ, ದೀಪವನ್ನು ಆಮೇಲೆ ಹಚ್ಚಿದಂತಾಯಿತು.

ಆದುದರಿಂದ ಹೊರಡುವ ವಿದ್ಯಾರ್ಥಿ ಮೊದಲು ತನ್ನ ಗ್ರಾಮ ಪಂಚಾಯತಿಗೋ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಗೋ ಮಾಹಿತಿ ಹಕ್ಕಿನ ಒಂದು ಅರ್ಜಿ ಸಲ್ಲಿಸಲಿ. ಕಾಯಿದೆಯ ಪ್ರಕಾರ ೩೦ ದಿನಗಳಲ್ಲಿ ಉತ್ತರ ಬರಬೇಕು. ಬಂದುದನ್ನೂ ಬಾರದಿದ್ದುದನ್ನೂ ಬರೆದಿಟ್ಟುಕೊಳ್ಳಲಿ. ಬಳಿಕ ಸ್ವೀಡನ್ನಿನ ಯಾವುದಾದರೊಂದು ಪುರಸಭೆಯ ಕಚೇರಿಗೆ ಹೋಗಿ, ಬಂದ ಪತ್ರಗಳ ದಾಖಲೆಯನ್ನು ತೋರಿಸಿರೆಂದು ಕೇಳಲಿ. ಸಾರ್ವಜನಿಕ ಕಾಗದವನ್ನು ಕೇಳುವವನು ಹೆಸರನ್ನಾಗಲಿ ಕಾರಣವನ್ನಾಗಲಿ ಸಾಮಾನ್ಯವಾಗಿ ಅಲ್ಲಿ ಹೇಳಬೇಕಾಗಿಲ್ಲ. ಈ ಎರಡು ಅನುಭವಗಳನ್ನು ಅಕ್ಕಪಕ್ಕ ಇಟ್ಟರೆ ಹತ್ತು ಉಪನ್ಯಾಸಗಳ ಸಾರ ದೊರೆಯುತ್ತದೆ.

ಎರಡನೆಯ ಪ್ರಶ್ನೆ: ಸಹಕಾರ ಮತ್ತು ಜನಶಿಕ್ಷಣ

ನಾರ್ವೆ ಸ್ವತಂತ್ರವಾದ ೧೯೦೫ರಲ್ಲಿಯೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ೧೯೦೪ರ ಕಾಯಿದೆಯ ಬೆನ್ನಿಗೇ ಹುಟ್ಟಿದ ಈ ಸಂಘ ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಹೆಸರಾಗಿದೆ. ಆ ಕಾಯಿದೆಯ ಹಿಂದೆ ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬ ಪುರಾಧ್ಯಕ್ಷನು ನಡೆಸಿದ ಪತ್ತಿನ ಸಂಘಗಳ ಪ್ರೇರಣೆಯಿತ್ತು. ಯುರೋಪಿನ ವಿಚಾರ ನಮ್ಮ ಎರೆಭೂಮಿಗೆ ಬಂದು ಒಂದು ಶತಮಾನ ಮೀರಿತೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.

ಡೆನ್ಮಾರ್ಕಿನಲ್ಲಿ ೧೮೮೨ರಲ್ಲಿ ಯೆಡ್ಡಿಂಗ್ ಎಂಬ ಊರಿನ ರೈತರು ಮೊದಲ ಸಹಕಾರಿ ಹಾಲಿನ ಕೇಂದ್ರವನ್ನು ತೆರೆದರು. ಅಂತಹ ಸಂಘಗಳಲ್ಲಿ ನೂರು ಹಸುಗಳ ಒಡೆಯನಿಗೂ ಎರಡು ಹಸುಗಳ ಒಡೆಯನಿಗೂ ಒಂದೊಂದೇ ಮತ. ಎಣಿಸುವುದು ಮನುಷ್ಯರ ತಲೆಗಳನ್ನು, ದನಗಳ ತಲೆಗಳನ್ನಲ್ಲ ಎಂಬುದು ಅವರ ಸೂತ್ರ. ನಮ್ಮ ಸಂಘಗಳ ನಿಯಮವೂ ಒಬ್ಬನಿಗೆ ಒಂದೇ ಮತವೆಂದೇ ಹೇಳುತ್ತದೆ. ನಿಯಮ ಒಂದಾಗಿದ್ದರೂ ಫಲ ಬೇರೆಯಾಗುವುದೇಕೆ?

ಡೆನ್ಮಾರ್ಕಿನವರು ಇದಕ್ಕೆ ಗ್ರುಂಟ್‌ವಿಗ್ ಎಂಬವರ ಹೆಸರನ್ನು ಹೇಳುವರು. ೧೭೮೩ರಿಂದ ೧೮೭೨ರ ವರೆಗೆ ಬಾಳಿದ ಈ ಕವಿ-ಧರ್ಮೋಪದೇಶಕನು, ಲ್ಯಾಟಿನ್ ಪಾಂಡಿತ್ಯದಿಂದ ರೈತನ ಬುದ್ಧಿ ಅರಳದು, ತಾಯ್ನುಡಿಯ ಜೀವಂತ ಮಾತಿನಿಂದಲೇ ಅರಳಬೇಕು ಎಂದು ವಾದಿಸಿದನು. ೧೮೪೪ರಲ್ಲಿ ರೋಡಿಂಗ್ ಎಂಬಲ್ಲಿ ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ಪರೀಕ್ಷೆಯಿಲ್ಲ, ಪದವಿಯಿಲ್ಲ, ದುಡಿಯುವ ತರುಣರು ಕೆಲವು ತಿಂಗಳು ಕೂಡಿ ಬಾಳಿ ಇತಿಹಾಸ, ಭಾಷೆ, ಹಾಡು, ಚರ್ಚೆಗಳನ್ನು ಕಲಿಯುತ್ತಿದ್ದರು. ಹಾಲಿನ ಸಂಘಗಳ ಲೆಕ್ಕ ಕೇಳಬಲ್ಲ ಸದಸ್ಯರು ಇಂತಹ ಶಾಲೆಗಳಿಂದ ಬಂದರು. ಕನ್ನಡ ನಾಡು ಇದನ್ನು ಅರಿಯದೆ ಇರಲಿಲ್ಲ: ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಡೆನ್ಮಾರ್ಕಿನ ಈ ಶಾಲೆಗಳ ಮಾದರಿಯಲ್ಲಿ ೧೯೪೭ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆದು ಹಳ್ಳಿಯ ತರುಣರಿಗೆ ಕಲಿಸಿತು. ಕಣಗಿನಹಾಳದ ಸಂಘವನ್ನೂ ನಂಜನಗೂಡಿನ ವಿದ್ಯಾಪೀಠವನ್ನೂ ನೋಡದವನು ಡೆನ್ಮಾರ್ಕಿನಲ್ಲಿ ಹಾಲಿನ ಕೇಂದ್ರದ ಯಂತ್ರಗಳನ್ನಷ್ಟೇ ನೋಡಿ ಬರುವನು.

ಮೂರನೆಯ ಪ್ರಶ್ನೆ: ಗಡಿ ಮತ್ತು ಭಾಷೆ

ರೋಡಿಂಗ್ ಊರು ಇದ್ದುದು ಶ್ಲೆಸ್ವಿಗ್ ಎಂಬ ಗಡಿನಾಡಿನಲ್ಲಿ. ಡೇನಿಷ್ ಮತ್ತು ಜರ್ಮನ್ ಭಾಷೆಗಳು ಬೆರೆತ ಆ ಪ್ರಾಂತವನ್ನು ಡೆನ್ಮಾರ್ಕ್ ೧೮೬೪ರ ಯುದ್ಧದಲ್ಲಿ ಕಳೆದುಕೊಂಡಿತು. ಮೊದಲ ಮಹಾಯುದ್ಧದ ತರುವಾಯ ೧೯೨೦ರಲ್ಲಿ ಅಲ್ಲಿ ಜನಮತ ನಡೆಯಿತು. ಉತ್ತರ ಭಾಗ ಡೆನ್ಮಾರ್ಕಿಗೂ ಫ್ಲೆನ್ಸ್‌ಬುರ್ಗ್ ಪಟ್ಟಣವಿದ್ದ ನಡುಭಾಗ ಜರ್ಮನಿಗೂ ಒಲಿದವು. ಗೆರೆ ಎಳೆದುದಾಯಿತು, ಆದರೆ ಎರಡು ಕಡೆಯಲ್ಲಿಯೂ ಅನ್ಯಭಾಷಿಕರು ಉಳಿದರು. ೧೯೫೫ರಲ್ಲಿ ಎರಡು ಸರಕಾರಗಳೂ ತಮ್ಮ ತಮ್ಮ ಅಲ್ಪಸಂಖ್ಯಾತರ ವಿಷಯದಲ್ಲಿ ಘೋಷಣೆ ಹೊರಡಿಸಿದವು. ತಾನು ಯಾವ ಜನಾಂಗಕ್ಕೆ ಸೇರಿದವನೆಂದು ಹೇಳಿಕೊಳ್ಳಲು ಪ್ರತಿಯೊಬ್ಬನೂ ಸ್ವತಂತ್ರನು, ಅಧಿಕಾರಿಗಳು ಅದನ್ನು ಪರೀಕ್ಷಿಸಕೂಡದು ಎಂಬುದು ಅವುಗಳ ತಿರುಳು. ಅಂತೆಯೇ ಬಾಲ್ಟಿಕ್ ಸಮುದ್ರದ ಓಲಾಂಡ್ ದ್ವೀಪಗಳು ಯಾರವೆಂಬ ವ್ಯಾಜ್ಯವನ್ನು ೧೯೨೧ರಲ್ಲಿ ರಾಷ್ಟ್ರಸಂಘವು ತೀರಿಸಿತು. ದ್ವೀಪಗಳು ಫಿನ್ಲೆಂಡಿಗೆ; ಅಲ್ಲಿಯ ಸ್ವೀಡಿಷ್ ಭಾಷೆಗೆ ರಕ್ಷಣೆ, ದ್ವೀಪವಾಸಿಗಳಿಗೆ ಸ್ವಯಮಾಡಳಿತ.

ಗಡಿಯ ಪ್ರಶ್ನೆ ನಮ್ಮ ಭಾಗದವರಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ. ಬೆಳಗಾವಿಯು ಕರ್ನಾಟಕದಲ್ಲಿಯೇ ಉಳಿಯಬೇಕೆಂದೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದೂ ಮಹಾಜನ ಆಯೋಗ ೧೯೬೭ರಲ್ಲಿ ವರದಿ ನೀಡಿತು. ಕಾಸರಗೋಡು ಕೇರಳದಲ್ಲಿಯೇ ಉಳಿಯಿತು. ಮಹಾರಾಷ್ಟ್ರ ೨೦೦೪ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಶ್ಲೆಸ್ವಿಗ್ಗಿನ ಜನಮತ ನಮಗೆ ಮಾದರಿಯೆಂದು ಯಾರೂ ಭಾವಿಸಬೇಕಿಲ್ಲ. ಅದು ಎರಡು ರಾಷ್ಟ್ರಗಳ ಗಡಿ. ನಮ್ಮದು ಒಂದೇ ರಾಷ್ಟ್ರದ ಎರಡು ರಾಜ್ಯಗಳ ಎಲ್ಲೆ. ಕಲಿಯಬೇಕಾದುದು ಗೆರೆ ಎಳೆದ ಮೇಲಿನ ನಡವಳಿಕೆಯನ್ನು. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಬೇಕೆಂದು ನಮ್ಮ ಸಂವಿಧಾನದ ೩೫೦ಎ ವಿಧಿಯೂ ಹೇಳುತ್ತದೆ. ಫ್ಲೆನ್ಸ್‌ಬುರ್ಗಿನ ಡೇನಿಷ್ ಶಾಲೆ ಹೇಗೆ ನಡೆಯುತ್ತದೆ, ಅದಕ್ಕೆ ಹಣ ಯಾರದು, ಅಲ್ಲಿ ಕಲಿತ ಮಗುವಿಗೆ ಮುಂದೆ ಉದ್ಯೋಗವೇನು ಎಂದು ವಿಚಾರಿಸಿ ಬಂದವನು ಕಾಸರಗೋಡಿನ ಕನ್ನಡ ಶಾಲೆಗೂ ಬೆಳಗಾವಿಯ ಮರಾಠಿ ಶಾಲೆಗೂ ಸಮಾನವಾಗಿ ಉಪಯುಕ್ತವಾದ ಮಾತನ್ನು ಆಡಬಲ್ಲನು.

ಇನ್ನೊಂದು ಸಂಗತಿ. ಐಸ್‌ಲೆಂಡಿನ ಜನಸಂಖ್ಯೆ ನಾಲ್ಕು ಲಕ್ಷದೊಳಗೆ. ೨೦೧೧ರ ಜನಗಣತಿಯಲ್ಲಿ ನಮ್ಮ ಧಾರವಾಡ ಜಿಲ್ಲೆಯೊಂದರಲ್ಲಿಯೇ ೧೮ ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ನಾಲ್ಕು ಕೋಟಿಗೂ ಹೆಚ್ಚು. ಆ ಸಣ್ಣ ನಾಡು ತನ್ನ ಶಾಸನಸಭೆಯನ್ನೂ ನ್ಯಾಯಾಲಯವನ್ನೂ ೧೯೧೧ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯವನ್ನೂ ತನ್ನ ನುಡಿಯಲ್ಲಿ ನಡೆಸಿಕೊಂಡು ಬಂದಿತು. ಪರಭಾಷೆಗಳನ್ನು ಕಲಿಯಲು ಅವರು ಹಿಂಜರಿಯಲಿಲ್ಲ, ತಮ್ಮದನ್ನು ಬಿಡಲೂ ಇಲ್ಲ. ಕನ್ನಡವನ್ನು ಕಲಿಸುವವರೆಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಸಂಗತಿಯಿದು.

ದಾನಿಗಳಲ್ಲಿ ಒಂದು ವಿಜ್ಞಾಪನೆ

ಎಂಜಿನಿಯರಿಂಗ್, ವೈದ್ಯಕೀಯ ವಿದ್ಯೆಗಳಿಗೆ ನೆರವು ದೊರೆಯುವುದು ಯುಕ್ತವೇ. ಆದರೆ ರಾಜ್ಯನೀತಿಯನ್ನು ಓದುವ ಕಲಾವಿಭಾಗದ ವಿದ್ಯಾರ್ಥಿಯ ಪರದೇಶ ಪ್ರಯಾಣ ಹಲವರಿಗೆ ವಿಲಾಸವೆಂದು ತೋರುತ್ತದೆ. ಪ್ರಶ್ನೆಯಿಲ್ಲದೆ ಹೋದರೆ ಅದು ವಿಲಾಸವೇ ಸರಿ. ಹೋಗಿ ಬಂದವರಲ್ಲಿ ಕೆಲವರು ಅಲ್ಲಿಯದೆಲ್ಲ ಸ್ವರ್ಗವೆಂದೂ ಕೆಲವರು ಅಲ್ಲಿ ನಮಗೆ ಕಲಿಯತಕ್ಕದ್ದೇನೂ ಇಲ್ಲವೆಂದೂ ನುಡಿಯುವುದನ್ನು ಕೇಳಿದ್ದೇವೆ. ಈ ಎರಡೂ ಮಾತುಗಳಿಂದ ಊರಿಗೆ ಪ್ರಯೋಜನವಿಲ್ಲ.

ಆದುದರಿಂದ ನೆರವು ನೀಡುವ ಮಹನೀಯರು ಎರಡೇ ನಿಬಂಧನೆಗಳನ್ನು ವಿಧಿಸಬಹುದು. ಹೊರಡುವ ಮೊದಲು ವಿದ್ಯಾರ್ಥಿ ತನ್ನ ಊರಿನ ಒಂದು ಸಂಸ್ಥೆಯನ್ನು, ಅದು ಪಂಚಾಯತಿಯಿರಲಿ, ಸಹಕಾರ ಸಂಘವಿರಲಿ, ಶಾಲೆಯಿರಲಿ, ಕೂಲಂಕಷವಾಗಿ ನೋಡಿ ಹತ್ತು ಪುಟ ಬರೆಯಬೇಕು. ಮರಳಿ ಬಂದ ಮೇಲೆ ಅಲ್ಲಿಯ ಅದೇ ಬಗೆಯ ಸಂಸ್ಥೆಯ ವಿಷಯವಾಗಿ ಇನ್ನು ಹತ್ತು ಪುಟ ಬರೆದು, ಎರಡನ್ನೂ ಸೇರಿಸಿ ಇದೇ ಶಾಲೆಯ ಮಕ್ಕಳ ಮುಂದೆ ಓದಬೇಕು. ಬರೆಹ ಕನ್ನಡದಲ್ಲಿರಬೇಕು. ಅಧ್ಯಾಪಕರು ಆ ಇಪ್ಪತ್ತು ಪುಟಗಳನ್ನು ಗ್ರಂಥಾಲಯದಲ್ಲಿ ಕಾಪಾಡಿದರೆ, ಮುಂದೆ ಹೊರಡುವವನಿಗೆ ಅದೇ ಕೋಶವಾಗುವುದು.