ದಂತವೈದ್ಯರ ಸಹಾಯಕರಿಗೆ ಔಷಧಗಳ ಮೊದಲ ಪಾಠ

ಹಲ್ಲು ಕೀಳುವ ಮುನ್ನ ವೈದ್ಯರು ಕೊಡುವ ಅರಿವಳಿಕೆಯ ಚುಚ್ಚುಮದ್ದು ಸಾಮಾನ್ಯವಾಗಿ ಲಿಗ್ನೊಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಇದನ್ನು ತಯಾರಿಸಿದರು. ನರತಂತುವಿನೊಳಕ್ಕೆ ಸೋಡಿಯಂ ಪ್ರವೇಶಿಸದಂತೆ ಇದು ತಡೆಯುವುದರಿಂದ ನೋವಿನ ಸಂದೇಶ ಮಿದುಳನ್ನು ಮುಟ್ಟದು. ಶೇಕಡಾ 2ರ ದ್ರಾವಣವೆಂದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಔಷಧ. ಇದರೊಡನೆ 80,000ಕ್ಕೆ 1ರ ಪ್ರಮಾಣದಲ್ಲಿ ಅಡ್ರಿನಲಿನ್ ಸೇರಿರುವುದುಂಟು. ಅದು ರಕ್ತನಾಳಗಳನ್ನು ಸಂಕುಚಿತಗೊಳಿಸಿ, ಮದ್ದು ಬೇಗನೆ ರಕ್ತದಲ್ಲಿ ಹರಿದುಹೋಗದಂತೆ ನೋಡಿಕೊಳ್ಳುತ್ತದೆ. ಹೃದ್ರೋಗಿಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಆದುದರಿಂದ ಸಹಾಯಕರು ಮದ್ದಿನ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕಗಳನ್ನು ಓದಿ ವೈದ್ಯರಿಗೆ ತೋರಿಸತಕ್ಕದ್ದು.

ರೋಗಿ ಸೇವಿಸುತ್ತಿರುವ ಔಷಧಗಳನ್ನು ಅರಿಯುವುದೂ ಅಷ್ಟೇ ಮುಖ್ಯ. ಆಸ್ಪಿರಿನ್, ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವ ನಿಲ್ಲುವುದು ತಡವಾಗುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ಅಮಾಕ್ಸಿಸಿಲಿನ್ ಪ್ರಾಣಾಪಾಯವನ್ನೇ ತರಬಹುದು. ದೆಹಲಿಯ ಆರ್.ಕೆ.ಪುರಂನಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಬಂದ ಹಿರಿಯರಿಗೆ ಹಿಂದಿ ಬಾರದಿದ್ದಲ್ಲಿ, ಅವರು ಎಲ್ಲ ಪ್ರಶ್ನೆಗೂ ಸುಮ್ಮನೆ ತಲೆಯಾಡಿಸಿಯಾರು. ಮನೆಯವರು ಜೊತೆಗೆ ಹೋಗಿ ಕನ್ನಡದಲ್ಲಿ ಕೇಳಿ ತಿಳಿಸಬೇಕು. ವೈದ್ಯರ ಹಳೆಯ ಚೀಟಿಗಳನ್ನೂ ಮಾತ್ರೆಗಳನ್ನೂ ಒಯ್ಯಬೇಕು. ತಾವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಕೂಡದು. ಕೇಳಿ ತಿಳಿದುದನ್ನು ಬರೆದಿಟ್ಟು, ಚುಚ್ಚುಮದ್ದಿಗೆ ಮುನ್ನವೇ ವೈದ್ಯರ ಗಮನಕ್ಕೆ ತರುವುದು ಸಹಾಯಕರ ಮೊದಲ ಕರ್ತವ್ಯ.