ಮೊದಲ ಸಂಬಳದ ವರ್ಷದ ದಸರಾ: ಊರಿಗೆ ಹೊರಡುವ ಮುನ್ನ ತಿಳಿದಿರಬೇಕಾದ ಕಾನೂನು

ಆಯುಧಪೂಜೆಯ ಹಿಂದಿನ ಸಂಜೆ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿಯಲ್ಲಿ ತುಮಕೂರು ಕಡೆಯ ಬಸ್ಸಿಗೆ ಕಾಯುವವರ ನಡುವೆ ನಮ್ಮ ಸೀಮೆಯ ಹುಡುಗ ಹುಡುಗಿಯರು ಗುಂಪುಗುಂಪಾಗಿ ಸಿಗುತ್ತಾರೆ. ನೊಣವಿನಕೆರೆಯಲ್ಲಿ ಬೆಳೆದು, ತಿಪಟೂರಿನಲ್ಲಿ ಐಟಿಐ, ಡಿಪ್ಲೊಮಾ ಇಲ್ಲವೇ ಡಿಗ್ರಿ ಮುಗಿಸಿ, ಜೂನ್ ಜುಲೈನಲ್ಲಿ ಪೀಣ್ಯದ ಕಾರ್ಖಾನೆಗೋ ರಾಜಾಜಿನಗರದ ಬಟ್ಟೆ ಮಳಿಗೆಗೋ ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರಿಗೋ ಸೇರಿಕೊಂಡವರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮಾಲಯ ಅಮಾವಾಸ್ಯೆ, ದಸರಾ, ದೀಪಾವಳಿ ಒಂದರ ಹಿಂದೆ ಒಂದು ಬರುತ್ತವೆ. "ಹಬ್ಬಕ್ಕೆ ಬರ್ತೀಯಾ ಮಗಾ?" ಎಂದು ಅವ್ವ ಫೋನ್ ಮಾಡುತ್ತಾಳೆ. "ಪ್ರೊಬೇಷನ್‌ನಲ್ಲಿರೋರಿಗೆ ರಜೆ ಎಲ್ಲಿಂದ ಬರುತ್ತೆ?" ಎಂದು ಸೂಪರ್‌ವೈಸರ್ ಕೇಳುತ್ತಾನೆ. ಓದುವಾಗ ರಜೆಯನ್ನು ಕಾಲೇಜೇ ಕೊಡುತ್ತಿತ್ತು. ಈಗ ಕೇಳಿ ಪಡೆಯಬೇಕು. ಕೇಳುವುದು ಹೇಗೆ, ಎಷ್ಟು ಕೇಳಬಹುದು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಹಬ್ಬದ ರಜೆ ಮಾಲೀಕರ ಕೃಪೆಯಲ್ಲ. ಕರ್ನಾಟಕದಲ್ಲಿ ಅದಕ್ಕೆಂದೇ 1963ರಿಂದ ಒಂದು ಕಾಯ್ದೆಯಿದೆ: ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆ. ಹೆಸರಿನಲ್ಲಿ ಕೈಗಾರಿಕೆ ಎಂದಿದ್ದರೂ ಕಾರ್ಖಾನೆಗಳ ಜೊತೆಗೆ ಅಂಗಡಿ, ಕಚೇರಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಇದರ ಪ್ರಕಾರ ಪ್ರತಿಯೊಬ್ಬ ನೌಕರನಿಗೂ ವರ್ಷಕ್ಕೆ ಹತ್ತು ಸಂಬಳಸಹಿತ ರಜೆಗಳಿವೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಖಾಯಂ. ಉಳಿದ ಐದು ಹಬ್ಬಗಳಿಗೆ. 'ಪ್ರತಿಯೊಬ್ಬ ನೌಕರ' ಎಂದ ಮೇಲೆ ನಿನ್ನೆ ಮೊನ್ನೆ ಸೇರಿದವನೂ ಅದರಲ್ಲಿ ಬಂದ. ಪ್ರೊಬೇಷನ್ ಎಂಬ ಒಂದೇ ನೆಪದಿಂದ ಈ ಹಕ್ಕು ತಪ್ಪುವುದಿಲ್ಲ.

ನಮ್ಮ ಮಕ್ಕಳು ಹೆಚ್ಚು ಎಡವುವುದು ಒಂದು ಕಡೆ. ಸರ್ಕಾರ ಹೊರಡಿಸುವ ಸಾರ್ವತ್ರಿಕ ರಜೆಗಳ ಪಟ್ಟಿ ಸರ್ಕಾರಿ ಕಚೇರಿಗಳಿಗೆ. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಕಂಡ ಮಾತ್ರಕ್ಕೆ ಖಾಸಗಿ ಕಂಪನಿ ಬಾಗಿಲು ಹಾಕಬೇಕೆಂದಿಲ್ಲ. ಕಂಪನಿಯ ಐದು ಹಬ್ಬಗಳು ಯಾವುವು ಎಂಬುದು ಮಾಲೀಕರು ಮತ್ತು ನೌಕರರ ಸಮಾಲೋಚನೆಯಿಂದ ಆಗಬೇಕಾದ ತೀರ್ಮಾನ. ಹಾಗಾಗಿ ಕೆಲಸಕ್ಕೆ ಸೇರಿದ ವಾರದಲ್ಲೇ ಎಚ್‌ಆರ್ ಬಳಿ ಆ ವರ್ಷದ ರಜೆ ಪಟ್ಟಿ ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಖಾಯಂ ಐದು, ಹಬ್ಬದ್ದು ಐದು ಸೇರಿ ಹತ್ತು ಆಗಿದೆಯೇ ಎಂದು ಎಣಿಸಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದೇ ಬಂತು. ಅಂಥ ವರ್ಷ ಒಂದೇ ದಿನವನ್ನು ಎರಡು ರಜೆಯಾಗಿ ಲೆಕ್ಕ ಹಾಕಿದ್ದಾರೆಯೇ ನೋಡಬೇಕು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಮಾಲಯ ಅಮಾವಾಸ್ಯೆ ಎಷ್ಟೋ ಮನೆಗಳಲ್ಲಿ ದಸರೆಗಿಂತ ದೊಡ್ಡದು. ಆ ದಿನ ಪಟ್ಟಿಯಲ್ಲಿ ಬೇಕಾದರೆ ಪಟ್ಟಿ ನಿಗದಿಯಾಗುವ ಮೊದಲೇ ನಾಲ್ಕಾರು ಜನ ಸೇರಿ ಬರೆದು ಕೊಡಬೇಕು. ಹಬ್ಬದ ಹಿಂದಿನ ದಿನ ಜಗಳವಾಡಿ ಫಲವಿಲ್ಲ.

ಪಟ್ಟಿಯಲ್ಲಿರುವ ದಿನವೂ ಕೆಲಸಕ್ಕೆ ಕರೆಯಬಹುದೇ? ಕರೆಯಬಹುದು. ಆಗ ಆ ದಿನಕ್ಕೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿಗೆ ಇನ್ನೊಂದು ದಿನ ಸಂಬಳಸಹಿತ ರಜೆ ಕೊಡಬೇಕು. ತಿಂಗಳಿಗೆ 15,600 ರೂಪಾಯಿ ಸಂಬಳ, 26 ದಿನದ ಲೆಕ್ಕ ಎಂದುಕೊಳ್ಳಿ. ದಿನಕ್ಕೆ 600 ಆಯಿತು. ಅಕ್ಟೋಬರ್ 2ರಂದು ಮಳಿಗೆಯಲ್ಲಿ ನಿಂತಿದ್ದರೆ ಆ ತಿಂಗಳ ಸಂಬಳದ ಚೀಟಿಯಲ್ಲಿ 15,600ರ ಮೇಲೆ ಇನ್ನೂ 600 ಕಾಣಬೇಕು, ಅಥವಾ ಬದಲಿ ರಜೆಯ ದಿನಾಂಕ ಬರಹದಲ್ಲಿ ಸಿಗಬೇಕು. "ಮುಂದೆ ಯಾವಾಗಲಾದರೂ ತಗೊಳ್ಳಿ" ಎಂಬ ಬಾಯಿಮಾತನ್ನು ನಂಬಿ ಸುಮ್ಮನಾಗಬೇಡಿ. ಅದೇ ದಿನ ಸೂಪರ್‌ವೈಸರ್‌ಗೆ ಒಂದು ಮೆಸೇಜ್ ಹಾಕಿ: "ಇಂದು ಅಕ್ಟೋಬರ್ 2, ರಜೆಯ ದಿನ ಕೆಲಸ ಮಾಡಿದ್ದೇನೆ. ಬದಲಿ ರಜೆ ಯಾವ ದಿನವೆಂದು ತಿಳಿಸಿ." ಇಷ್ಟು ಸಾಕು. ನಾಳೆ ತಕರಾರು ಬಂದರೆ ಇದೇ ಸಾಕ್ಷಿ.

ಹಬ್ಬದ ರಜೆಯ ಹಿಂದೆ ಮುಂದೆ ಒಂದೆರಡು ದಿನ ಬೇಕೆಂದರೆ? ಅಂಗಡಿ ಮತ್ತು ಕಚೇರಿಗಳಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಇದೆ. "ನಮ್ಮದು ಐಟಿ ಕಂಪನಿ, ಇದೆಲ್ಲ ನಮಗಿಲ್ಲ" ಎನ್ನುವವರ ಮಾತು ಸರಿಯಲ್ಲ. ಐಟಿ ಕಚೇರಿಯೂ ವಾಣಿಜ್ಯ ಸಂಸ್ಥೆಯೇ. ಗಳಿಕೆ ರಜೆ ಇಪ್ಪತ್ತು ದಿನದ ದುಡಿಮೆಗೆ ಒಂದರಂತೆ, ಅದೂ ಹಿಂದೆ ದುಡಿದ ದಿನಗಳ ಲೆಕ್ಕದ ಮೇಲೆ ಸಿಗುವಂಥದ್ದು. ಜುಲೈನಲ್ಲಿ ಸೇರಿದವರಿಗೆ ಅಕ್ಟೋಬರ್‌ನಲ್ಲಿ ಅದರಿಂದ ಹೆಚ್ಚು ಉಪಯೋಗವಾಗುವುದಿಲ್ಲ. ಅದೇ ಕಾಯ್ದೆ ಸೇವೆಯ ಮೊದಲ ಹನ್ನೆರಡು ತಿಂಗಳಿನಿಂದಲೇ ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಕೊಡುತ್ತದೆ. ಹೊಸಬರು ಆಸರೆಗೆ ಹಿಡಿಯಬೇಕಾದದ್ದು ಇದನ್ನು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಮೀರಿದರೆ ಎರಡರಷ್ಟು ಓವರ್‌ಟೈಮ್ ಎಂಬ ನಿಯಮವೂ ಇದರಲ್ಲೇ ಇದೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಬರಹದಲ್ಲಿ ಕೊಡಬೇಕೆಂದೂ ಇದು ಹೇಳುತ್ತದೆ. ಆ ಪತ್ರವಿಲ್ಲದೆ ಮೊದಲ ಹಬ್ಬದವರೆಗೂ ದುಡಿದ ಮಕ್ಕಳು ತುಂಬ ಇದ್ದಾರೆ. ಇದನ್ನು ಅಪ್ಪ ಅಮ್ಮಂದಿರೂ ವಿಚಾರಿಸಬೇಕು.

ರಜೆ ಹಕ್ಕೆಂದರೆ ಹೇಳದೇ ಹೋಗುವ ಹಕ್ಕಲ್ಲ, ಇದನ್ನೂ ಒಪ್ಪಿಕೊಳ್ಳಬೇಕು. ಮುಂಚೆಯೇ ಮೇಲ್ ಮಾಡಿ, ಉತ್ತರ ಪಡೆದು ಹೊರಡಿ. ಆ ಮೇಲ್‌ನ ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಬರಲಿ. ಕೆಲಸ ಬಿಟ್ಟ ದಿನವೇ ಕಂಪನಿಯ ಮೇಲ್ ಮುಚ್ಚಿಹೋಗುತ್ತದೆ.

ಒಪ್ಪಿಗೆ ಸಿಗದೇ ಎರಡು ದಿನ ಹೋಗಿಬಂದಿರಿ ಎಂದುಕೊಳ್ಳೋಣ. ಸಂಬಳದ ಚೀಟಿಯಲ್ಲಿ 'ಎಲ್‌ಒಪಿ' (ಗೈರುಹಾಜರಿಯ ವೇತನ ಕಡಿತ) ಎಂಬ ಸಾಲಿನ ಮುಂದೆ ನಾಲ್ಕು ದಿನ ಕಡಿತ ಕಂಡರೆ ಅದು ತಪ್ಪು. ಗೈರುಹಾಜರಿಯ ಅವಧಿಗೆ ತಕ್ಕಷ್ಟೇ ಕಡಿತ ಎಂಬುದು ವೇತನ ಕಾನೂನಿನ ಹಳೆಯ ತತ್ವ, ಈಗಿನ ವೇತನ ಸಂಹಿತೆಯಲ್ಲೂ ಹಾಗೇ ಇದೆ. ದಂಡ ಹಾಕುವುದಾದರೆ ಮೊದಲು ನಿಮ್ಮ ವಿವರಣೆ ಕೇಳಬೇಕು, ಅದೂ ಆ ಅವಧಿಯ ವೇತನದ ಶೇಕಡ 3ನ್ನು ಮೀರಬಾರದು. ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದು. ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ: ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಸೂಚನೆ ಕೊಡದೆ, ಸಕಾರಣವಿಲ್ಲದೆ ಒಟ್ಟಿಗೆ ಗೈರಾದರೆ ಎಂಟು ದಿನದವರೆಗಿನ ಕೂಲಿ ಕಡಿತಕ್ಕೆ ಕಾನೂನಿನಲ್ಲಿ ದಾರಿಯಿದೆ. ಒಂದೇ ಊರಿನವರು ಒಂದೇ ಕಾರ್ಖಾನೆಯಲ್ಲಿದ್ದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ರಜೆ ಅರ್ಜಿ ಕೊಟ್ಟಿರಬೇಕು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕೇಂದ್ರ ಕಾಯ್ದೆಗಳು ಅವುಗಳಲ್ಲಿ ಸೇರಿಹೋದವು, ಆದರೆ ಮೇಲೆ ಹೇಳಿದ ರಾಜ್ಯದ ಎರಡು ಕಾಯ್ದೆಗಳನ್ನು ಅವು ರದ್ದು ಮಾಡಿಲ್ಲ. ಆ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆಯಲ್ಲಿ ಯುವಕರಿಗೆ ತುಂಬ ಬೇಕಾದ ಒಂದು ಮಾತಿದೆ: ಕೆಲಸದಿಂದ ತೆಗೆದರೂ, ನೀವೇ ರಾಜೀನಾಮೆ ಕೊಟ್ಟರೂ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. "ಫೈನಲ್ ಸೆಟಲ್‌ಮೆಂಟ್‌ಗೆ 45 ದಿನ" ಎಂಬ ಕಂಪನಿಯ ನಿಯಮ ಬಾಕಿ ವೇತನದ ಮಟ್ಟಿಗೆ ಇದರ ಮುಂದೆ ನಿಲ್ಲುವುದಿಲ್ಲ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು.

ಬೋನಸ್ ವಿಚಾರದಲ್ಲಿ ನಿರಾಸೆಯೂ ಇದೆ, ಭರವಸೆಯೂ ಇದೆ. ದೀಪಾವಳಿಗೆ ಕೊಡುವುದು ಸಾಮಾನ್ಯವಾಗಿ ಹಿಂದಿನ ಲೆಕ್ಕವರ್ಷದ ಬೋನಸ್. ಈ ಜುಲೈನಲ್ಲಿ ಸೇರಿದವರಿಗೆ ಮೊದಲ ದೀಪಾವಳಿಯಲ್ಲಿ ಸಿಹಿ ಡಬ್ಬ ಮಾತ್ರ ಸಿಕ್ಕರೆ ಅದು ಕಾನೂನುಬಾಹಿರವಲ್ಲ. ಆದರೆ ಸೇರಿದ ಲೆಕ್ಕವರ್ಷದಲ್ಲಿ 30 ದಿನ ದುಡಿದಿದ್ದರೆ ಕನಿಷ್ಠ ಶೇಕಡ 8.33 ಬೋನಸ್ ನಿಮ್ಮ ಪಾಲಿಗೆ ಬರೆದಿಟ್ಟಂತೆ, ಲೆಕ್ಕವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು. 1965ರ ಬೋನಸ್ ಕಾಯ್ದೆ ಇದನ್ನು ಸಾಮಾನ್ಯವಾಗಿ 20 ಜನರಿರುವ ಸಂಸ್ಥೆಗೆ, ತಿಂಗಳಿಗೆ 21,000 ರೂಪಾಯಿ ಮೀರದ ಸಂಬಳದವರಿಗೆ ಅನ್ವಯಿಸಿತ್ತು. ಮಾರ್ಚ್ ದಾಟಿ ಕೆಲಸ ಬಿಟ್ಟವರು "ಬಿಟ್ಟು ಬಂದೆನಲ್ಲ" ಎಂದು ಇದನ್ನು ಕೈಬಿಡಬೇಡಿ. ಕೆಲಸ ಬಿಟ್ಟ ಮಾತ್ರಕ್ಕೆ ಬೋನಸ್ ಹೋಗುವುದಿಲ್ಲ.

ಹಬ್ಬದ ಸೀಸನ್ನಿಗೆಂದೇ ತಿಂಗಳೆರಡು ತಿಂಗಳ ಕೆಲಸಕ್ಕೆ ನೆಲಮಂಗಲದ ಗೋದಾಮುಗಳಿಗೆ ಏಜೆನ್ಸಿ ಮೂಲಕ ಹೋಗುವವರಿಗೆ ಒಂದು ಮಾತು. ಗುತ್ತಿಗೆದಾರ ಸಂಬಳ ಕೊಡದೆ ಫೋನ್ ಎತ್ತದಿದ್ದರೆ ಕೊಡುವ ಹೊಣೆ ಮೂಲ ಕಂಪನಿಯ ಮೇಲೆ ಬೀಳುತ್ತದೆ. ಗೇಟ್ ಪಾಸ್, ಐಡಿ ಕಾರ್ಡಿನ ಫೋಟೊ ಇಟ್ಟುಕೊಂಡಿರಿ. ನೋಂದಣಿಗೆಂದು ಹಣ ಕೇಳುವವರಿಗೆ ಹಣ ಕೊಡಬೇಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳುವವರಿಗೆ ಜೆರಾಕ್ಸ್ ಕೊಡಿ. ಒರಿಜಿನಲ್ ತೋರಿಸಿ ವಾಪಸ್ ಪಡೆಯುವುದು ಪರಿಶೀಲನೆ, ಒತ್ತೆ ಇಟ್ಟುಕೊಳ್ಳಲು ಕಂಪನಿಗೆ ಅಧಿಕಾರವಿಲ್ಲ. ಆಪ್‌ಗಳಿಗೆ ಡೆಲಿವರಿ ಮಾಡುವವರಿಗೆ ಮೇಲಿನ ಹಬ್ಬದ ರಜೆ ಇನ್ನೂ ದಕ್ಕಿಲ್ಲ, ಇದು ನೋವಿನ ಸಂಗತಿ. ಆದರೂ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಾರಣ ಹೇಳದೆ, 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವುದಕ್ಕೆ ತಡೆ ಹಾಕಿದೆ.

ಹಬ್ಬ ಮುಗಿಸಿ ಬಂದಾಗ "ನಾಳೆಯಿಂದ ಬರಬೇಡ" ಎಂದರೆ? ಅಂಗಡಿ ಕಾಯ್ದೆಯಡಿ ಆರು ತಿಂಗಳು ನಿರಂತರ ಸೇವೆ ಆಗಿದ್ದರೆ ಸಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಇಲ್ಲದೆ ತೆಗೆಯುವಂತಿಲ್ಲ. ಅಷ್ಟು ಸೇವೆ ಆಗಿರದಿದ್ದರೂ ದುಡಿದ ದಿನಗಳ ಕೂಲಿ ನಿಮ್ಮದೇ. ಖಾಲಿ ಕಾಗದಕ್ಕೆ, 'ಸ್ವಇಚ್ಛೆಯ ರಾಜೀನಾಮೆ'ಗೆ ಅವಸರದಲ್ಲಿ ಸಹಿ ಹಾಕಬೇಡಿ. "ಊರಲ್ಲಿ ವಕೀಲರನ್ನು ಕೇಳಿ ತಿಳಿಸುತ್ತೇನೆ" ಎಂದು ಹೇಳಿ ಹೊರಗೆ ಬನ್ನಿ.

ದೂರು ಕೊಡಬೇಕಾದದ್ದು ಕೆಲಸದ ಸ್ಥಳದ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ. ಯಾವ ವೃತ್ತ ಎಂದು ಗೊತ್ತಾಗದಿದ್ದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಬಹುದು, ಇಲಾಖೆಯ ಸಹಾಯವಾಣಿ 155214ಕ್ಕೂ ಕರೆ ಮಾಡಬಹುದು. ಅರ್ಜಿ ಕನ್ನಡದಲ್ಲೇ ಇರಲಿ: ಸೇರಿದ ದಿನ, ಸಂಬಳ, ಯಾವ ದಿನದ್ದು ಎಷ್ಟು ಬಾಕಿ, ಯಾವಾಗ ಕೇಳಿದಿರಿ. ಜೊತೆಗೆ ಬ್ಯಾಂಕ್ ಪಾಸ್‌ಬುಕ್ ಪುಟ, ಸಂಬಳದ ಚೀಟಿ, ಮೆಸೇಜಿನ ಪ್ರಿಂಟ್ ಇಟ್ಟು, ಕೊಟ್ಟ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವೇತನ ಸಂಹಿತೆಯಡಿ ಬಾಕಿ ಕೇಳಲು ಮೂರು ವರ್ಷದ ಅವಕಾಶವಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ಮಾತ್ರ ಅವಧಿ ಕಿರಿದು. 2013ರ ಕಾಯ್ದೆಯಡಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಹಬ್ಬಕ್ಕೆ ಬಂದವರು ಬೆಂಗಳೂರಿಗೆ ಮರಳುವ ಮೊದಲು, ನ್ಯಾಯಾಲಯಕ್ಕೆ ರಜೆಯಿಲ್ಲದ ದಿನ ನೋಡಿಕೊಂಡು, ತಿಪಟೂರಿನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕಾಗದಗಳನ್ನು ತೋರಿಸಬಹುದು. ಬರಲಾಗದವರಿಗೆ 15100 ಸಂಖ್ಯೆ ಇದೆ.